ಮನೆ ತೆರಿಗೆ ಕಟ್ಟಿದ ಮೇಲೂ ಬೀದಿಗೆ ಬೇರೆ ಹಣ ಕೊಡಬೇಕೆ?

ಪ್ರಶ್ನೆ: ನಾವು ಕಲಬುರಗಿಯ ಹೊರವಲಯದ ಬಡಾವಣೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಇದ್ದೇವೆ. ಒಂದು ವರ್ಷವೂ ತಪ್ಪಿಸದೆ ಏಪ್ರಿಲ್ ತಿಂಗಳಲ್ಲೇ ಮನೆ ತೆರಿಗೆ ಕಟ್ಟುತ್ತಾ ಬಂದಿದ್ದೇವೆ. ಬೀದಿ ಮಾತ್ರ ಇಂದಿಗೂ ಮಣ್ಣಿನದೇ. ಈಗ ಸಿ.ಸಿ. (ಸಿಮೆಂಟ್ ಕಾಂಕ್ರೀಟ್) ರಸ್ತೆಯ ಮಾತು ಎದ್ದಿದೆ. ಅದರ ಜೊತೆಗೆ, ಮನೆ ಮಾಲೀಕರು ಅಡಿ ಲೆಕ್ಕದಲ್ಲಿ ಹಣ ಹಾಕಬೇಕಾಗುತ್ತದೆ ಎಂಬ ಮಾತೂ ಕೇಳಿಬರುತ್ತಿದೆ. ತೆರಿಗೆ ಕಟ್ಟಿದವರಿಂದ ರಸ್ತೆಗೆಂದು ಮತ್ತೆ ಹಣ ಕೇಳಲು ಕಾನೂನು ಒಪ್ಪುತ್ತದೆಯೇ?

ಉತ್ತರ: ಅದು ನಿಮ್ಮ ಬೀದಿ ಯಾರ ಹೆಸರಿನಲ್ಲಿದೆ ಎಂಬುದನ್ನು ಅವಲಂಬಿಸಿದೆ. ಬೀದಿ ಪಾಲಿಕೆಗೆ ಹಸ್ತಾಂತರವಾಗಿ 'ಸಾರ್ವಜನಿಕ ಬೀದಿ' ಆಗಿದ್ದರೆ ಅದನ್ನು ಮಾಡಿಸುವುದು, ಕೆಟ್ಟರೆ ದುರಸ್ತಿ ಮಾಡಿಸುವುದು ಪಾಲಿಕೆಯದೇ ಹೊಣೆ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 58ನೇ ಪ್ರಕರಣದಲ್ಲಿ ಇದು ಕಡ್ಡಾಯ ಕರ್ತವ್ಯಗಳ ಸಾಲಿನಲ್ಲೇ ಇದೆ. ಬೀದಿ ಕಾಗದದ ಮೇಲೆ ಇನ್ನೂ ಖಾಸಗಿಯಾಗಿಯೇ ಉಳಿದಿದ್ದರೆ, ಅಕ್ಕಪಕ್ಕದ ಮಾಲೀಕರಿಂದ ಖರ್ಚು ವಸೂಲು ಮಾಡಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ಯಾದಗಿರಿಯಂಥ ನಗರಸಭೆಗಳಿಗೆ ಅನ್ವಯಿಸುವ 1964ರ ಪುರಸಭೆಗಳ ಕಾಯ್ದೆಯಲ್ಲೂ ಇಂಥದೇ ಅಧಿಕಾರ ಇದೆ.

ಮೊದಲು ನಿಮ್ಮ ತೆರಿಗೆ ರಸೀದಿಯನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಓದಿ. ಮೇಲೆ ಆಸ್ತಿ ತೆರಿಗೆ ಇರುತ್ತದೆ. ಅದರ ಕೆಳಗೆ, ನೂರು ರೂಪಾಯಿ ತೆರಿಗೆಗೆ 15 ರೂಪಾಯಿ ಆರೋಗ್ಯ ಕರ, 6 ರೂಪಾಯಿ ಗ್ರಂಥಾಲಯ ಕರ, 3 ರೂಪಾಯಿ ಭಿಕ್ಷುಕರ ಕರ, 2 ರೂಪಾಯಿ ನಗರ ಸಾರಿಗೆ ಉಪಕರ. ಕಸ ವಿಲೇವಾರಿಯ ಶುಲ್ಕ ಬೇರೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದ್ದಕ್ಕೆ ಶೇ 5ರ ರಿಯಾಯಿತಿ ಕಳೆದಿರುತ್ತದೆ. ಎಷ್ಟು ಹುಡುಕಿದರೂ 'ರಸ್ತೆ' ಎಂಬ ಸಾಲು ಸಿಗುವುದಿಲ್ಲ. ಸಾರಿಗೆಯ ಆ ಎರಡು ರೂಪಾಯಿ ಕೂಡ ನಿಮ್ಮ ಬೀದಿಗೆ ಬರುವುದಿಲ್ಲ, ರಾಜ್ಯದ ನಗರ ಸಾರಿಗೆ ನಿಧಿಗೆ ಹೋಗುತ್ತದೆ. ಗಾಡಿ ಕೊಂಡಾಗ ಕಟ್ಟುವ ರೋಡ್ ಟ್ಯಾಕ್ಸ್ ರಾಜ್ಯದ ಖಜಾನೆಗೆ ಸೇರುತ್ತದೆ.

ಹಾಗಾದರೆ ಮೇಲಿನ ಸಾಲಿನ ಆಸ್ತಿ ತೆರಿಗೆ ಯಾತಕ್ಕೆ? ಅದು ಇಡೀ ಊರಿನ ಹುಂಡಿಗೆ ಬೀಳುವ ಹಣ. ಪೌರಕಾರ್ಮಿಕರ ಸಂಬಳ, ಬೀದಿದೀಪದ ವಿದ್ಯುತ್ ಬಿಲ್ಲು, ಚರಂಡಿಯ ಹೂಳು, ಕಚೇರಿಯ ಖರ್ಚು ಎಲ್ಲಕ್ಕೂ ಅದರಿಂದಲೂ ಹಣ ಹೋಗಬೇಕು. 'ನಾನು ಇಷ್ಟು ಕೊಟ್ಟೆ, ನನಗೆ ಇಷ್ಟು ಕೊಡು' ಎಂಬ ಲೆಕ್ಕಕ್ಕೆ ತೆರಿಗೆಯಲ್ಲಿ ಜಾಗವಿಲ್ಲ. ಇದನ್ನು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು 1954ರಲ್ಲಿ, ನಮ್ಮದೇ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಕೊಟ್ಟವನಿಗೆ ಇಂಥದೇ ಲಾಭ ಸಿಗಬೇಕು ಎಂಬ ಕಟ್ಟಿಲ್ಲದೆ ಸಾರ್ವಜನಿಕ ಕೆಲಸಕ್ಕಾಗಿ ಕಡ್ಡಾಯವಾಗಿ ಪಡೆಯುವುದು ತೆರಿಗೆ. ಗೊತ್ತಾದ ಸೇವೆಗೆ ಪ್ರತಿಯಾಗಿ ಪಡೆಯುವುದು ಶುಲ್ಕ. ಬೀದಿಗೆಂದು ಅಡಿ ಲೆಕ್ಕದಲ್ಲಿ ಕೇಳುವ ಹಣ ಈ ಎರಡನೆಯ ಜಾತಿಯದು. ಆದ್ದರಿಂದ 'ತೆರಿಗೆ ಕಟ್ಟಿದ್ದೇನೆ' ಎಂಬ ಒಂದೇ ವಾದದಿಂದ ಅದನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ಶುಲ್ಕ ಕೇಳುವವರನ್ನು 'ಯಾವ ಸೇವೆಗೆ, ಎಷ್ಟಕ್ಕೆ' ಎಂದು ಕೇಳುವ ಹಕ್ಕು ಅದೇ ಮಾತಿನಿಂದ ನಿಮಗೆ ಸಿಗುತ್ತದೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು. 300 ಅಡಿ ಉದ್ದದ ಬೀದಿ, ಎರಡೂ ಬದಿಗೆ ಹತ್ತು ಹತ್ತು 30×40ರ ನಿವೇಶನಗಳು. ರಸ್ತೆ, ಎರಡೂ ಕಡೆ ಚರಂಡಿ ಸೇರಿ 9 ಲಕ್ಷ ರೂಪಾಯಿ ಖರ್ಚು ಎಂದುಕೊಳ್ಳಿ. ಮನೆಗೆ ವರ್ಷಕ್ಕೆ 3,000 ರೂಪಾಯಿ ತೆರಿಗೆಯಾದರೆ ಇಪ್ಪತ್ತು ಮನೆಗಳಿಂದ 60,000. ಅದರಲ್ಲಿ ಒಂದು ಪೈಸೆಯನ್ನೂ ಬೇರೆ ಕಡೆ ಮುಟ್ಟದೆ ಕೂಡಿಟ್ಟರೂ ನಿಮ್ಮ ಬೀದಿಗೆ ಸಿಮೆಂಟು ಬೀಳಲು ಹದಿನೈದು ವರ್ಷ ಬೇಕು. ಆ ಹದಿನೈದು ವರ್ಷ ನಿಮ್ಮ ಕಸ ಎತ್ತುವವರಿಲ್ಲ, ದೀಪ ಉರಿಯುವುದಿಲ್ಲ.

ಹೀಗಾಗಿಯೇ ಬೀದಿಗಳಿಗೆ ಸಿ.ಸಿ. ಬರುವುದು ಬಹುಮಟ್ಟಿಗೆ ಅನುದಾನದಿಂದ: ಹಣಕಾಸು ಆಯೋಗದ ಹಣ, ರಾಜ್ಯದ ನಗರೋತ್ಥಾನ ಯೋಜನೆ, ಶಾಸಕರ ನಿಧಿ. ನಮ್ಮ ಭಾಗಕ್ಕೆ ಇವುಗಳ ಜೊತೆಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯೂ ಇದೆ. ಸಂವಿಧಾನದ 371(ಜೆ) ವಿಧಿಯಿಂದ ಹುಟ್ಟಿದ ಮಂಡಳಿ ಇದು. ಕಲಬುರಗಿಯಲ್ಲೇ ಕಚೇರಿ, ಏಳು ಜಿಲ್ಲೆಗಳ ವ್ಯಾಪ್ತಿ. ಇತ್ತೀಚಿನ ರಾಜ್ಯ ಬಜೆಟ್‌ಗಳಲ್ಲಿ ಇದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗಿದೆ. ಆದರೆ ಅನುದಾನ ಬರುವುದು ಪಟ್ಟಿಯ ಮೇಲೆ. ಪಟ್ಟಿಗೆ ಹೆಸರು ಸೇರಿಸಬಲ್ಲವರು ಇದ್ದ ಬೀದಿ ಮುಂದೆ ಹೋಗುತ್ತದೆ, ಮೌನವಾಗಿ ಏಪ್ರಿಲ್‌ನಲ್ಲೇ ತೆರಿಗೆ ಕಟ್ಟುವ ಬೀದಿ ಹಿಂದೆ ಉಳಿಯುತ್ತದೆ. ಇದು ನನಗೆ ನೋವಿನ ಸಂಗತಿ.

ಈಗ ಖಾಸಗಿ ಬೀದಿಯ ಮಾತಿಗೆ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಬೇರು ಅಲ್ಲೇ ಇರಬಹುದು. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಚರಂಡಿ, ನೀರಿನ ಕೊಳವೆ, ದೀಪದ ಕಂಬ ಎಲ್ಲವನ್ನೂ ಬಡಾವಣೆ ಮಾಡಿದವರೇ ತಮ್ಮ ಖರ್ಚಿನಲ್ಲಿ ಮಾಡಿಸಬೇಕು. ಇಲ್ಲಿ ಆ ಅನುಮೋದನೆಯನ್ನು 1987ರ ಕಾಯ್ದೆಯಡಿ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ರಸ್ತೆ ಮತ್ತು ಉದ್ಯಾನದ ಜಾಗ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಬೇಕು. ಎಂದರೆ ನಿವೇಶನ ಕೊಳ್ಳುವಾಗ ನೀವು ಕೊಟ್ಟ ಹಣದಲ್ಲಿ ರಸ್ತೆಯ ಬೆಲೆಯೂ ಸೇರಿತ್ತು. ಮಾರುವ ದಿನ ನಕ್ಷೆಯಲ್ಲಿ 30 ಅಡಿ ರಸ್ತೆ ಎಂದು ಗೆರೆ ಎಳೆದು ತೋರಿಸಿ, ಹಣ ಎಣಿಸಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕದಿದ್ದರೆ, ಆ ಗೆರೆಯ ಮೇಲೆ ಯಾರ ಹೊಣೆಯೂ ಇಲ್ಲದೆ ಮಳೆ ನಿಲ್ಲುತ್ತದೆ. ಹೊಲದ ಪಹಣಿಯಲ್ಲೇ ತುಂಡು ಮಾಡಿ ಮಾರಿದ ರೆವಿನ್ಯೂ ನಿವೇಶನಗಳಲ್ಲಂತೂ ಆ ಗೆರೆಗೆ ಅನುಮೋದನೆಯೂ ಇರುವುದಿಲ್ಲ.

2025ರಲ್ಲಿ ರಾಜ್ಯದ ನಗರಗಳಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ಬಿ-ಖಾತಾ ಸಿಕ್ಕಿದ್ದರಿಂದ ಬೀದಿಯೂ ಪಾಲಿಕೆಯದಾಯಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಅದು ನಿಮ್ಮ ಆಸ್ತಿಯನ್ನು ತೆರಿಗೆಯ ಲೆಕ್ಕಕ್ಕೆ ತಂದಿದೆ, ಅಷ್ಟೇ. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡವಾಗಲಿ ಬಡಾವಣೆಯಾಗಲಿ ಸಕ್ರಮವಾಗುವುದಿಲ್ಲ.

ಖಾಸಗಿ ಬೀದಿ ನೆಟ್ಟಗಿಲ್ಲದಿದ್ದರೆ ಆಯುಕ್ತರು ಅದರ ಮಗ್ಗುಲಿನ ಮಾಲೀಕರಿಗೆ ಲಿಖಿತ ನೋಟಿಸ್ ಕೊಟ್ಟು, ಸಮ ಮಾಡಿ, ಕಲ್ಲು ಹಾಕಿ, ಚರಂಡಿ ಮಾಡಿಸಿ ಎಂದು ಹೇಳಬಹುದು. ಹೇಳಿದ ಅವಧಿಯಲ್ಲಿ ಮಾಡದಿದ್ದರೆ ಪಾಲಿಕೆಯೇ ಮಾಡಿಸಿ ಖರ್ಚನ್ನು ಮಾಲೀಕರ ಮೇಲೆ ಹಂಚಬಹುದು. ಹಂಚುವ ಅಳತೆ ಸಾಮಾನ್ಯವಾಗಿ ಮುಖಭಾಗದ್ದು, ಅಂದರೆ ಬೀದಿಗೆ ತಾಗಿದ ನಿಮ್ಮ ಜಾಗ ಎಷ್ಟು ಅಡಿ ಎಂಬುದು. ಮೇಲಿನ ಉದಾಹರಣೆಯಲ್ಲಿ ಒಟ್ಟು 600 ಅಡಿ ಮುಖಭಾಗಕ್ಕೆ 9 ಲಕ್ಷ ಎಂದರೆ ಅಡಿಗೆ 1,500 ರೂಪಾಯಿ. 30 ಅಡಿ ಮನೆಯ ಪಾಲು 45,000.

ಅಡಿ ಲೆಕ್ಕ ನೋಡಲು ನ್ಯಾಯವಾಗಿಯೇ ಕಾಣುತ್ತದೆ. ನಮ್ಮ ಬೀದಿಯ ಮೂಲೆ ಮನೆಯ ಕಾಕು (ನಾವು ಚಿಕ್ಕಮ್ಮನಂತೆ ಕರೆಯುವ ಹಿರಿಯರು) ಇದನ್ನು ಕೇಳಿದಾಗ ಏನೂ ಹೇಳದೆ ಕಾಂಪೌಂಡಿನ ಕಡೆ ನೋಡಿದರು. ಅವರ ಮನೆಯ ಬಾಗಿಲು 30 ಅಡಿಯ ಬದಿಗಿದೆ. ಅಡ್ಡರಸ್ತೆಯ ಕಡೆ 40 ಅಡಿ ಗೋಡೆ ಇದೆ, ಒಂದು ಕಿಟಕಿಯೂ ಇಲ್ಲ. ಎರಡೂ ಬೀದಿಗೆ ಸಿಮೆಂಟು ಬಿದ್ದರೆ ಅವರ ಪಾಲಿಗೆ 70 ಅಡಿ. 'ಆ ಕಡೆ ನಾನು ಕಾಲಿಡುವುದೇ ಇಲ್ಲ, ಅದಕ್ಕೂ ಕೊಡಬೇಕೇನಪ್ಪಾ?' ಎಂದು ಕೇಳಿದರು. ಪಿಂಚಣಿಯಲ್ಲಿ ಬದುಕುವ ಹೆಂಗಸು. ಅವರ ಎದುರಿಗೆ ಮೂರು ಅಂತಸ್ತಿನ ಬಾಡಿಗೆ ಮನೆಗಳಿವೆ, ಆರು ಸಂಸಾರ, ಎಂಟು ಬೈಕು. ಅಡಿ ಲೆಕ್ಕದಲ್ಲಿ ಆ ಕಟ್ಟಡದ ಪಾಲು ಕಾಕುವಿನ ಪಾಲಿನ ಅರ್ಧಕ್ಕೂ ಕಡಿಮೆ.

ಅಡಿ ಲೆಕ್ಕಕ್ಕೆ ಒಂದು ಒಳ್ಳೆಯ ಗುಣವೂ ಇದೆ. ಖಾಲಿ ನಿವೇಶನ ಇಟ್ಟುಕೊಂಡು ಹೈದರಾಬಾದಿನಲ್ಲೋ ಪುಣೆಯಲ್ಲೋ ಇರುವವರು ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕಟ್ಟಡವಿಲ್ಲದ ಜಾಗದ ವಾರ್ಷಿಕ ತೆರಿಗೆ ಕಡಿಮೆ, ಆದರೆ ರಸ್ತೆ ಬಂದ ಮರುದಿನ ಬೆಲೆ ಏರುವುದು ಮೊದಲು ಆ ಜಾಗಕ್ಕೇ. ಜಾಲಿ ಬೆಳೆದ ಆ ನಿವೇಶನದ ಮಾಲೀಕರೂ ಕೊಡಲೇಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಅಮೆರಿಕದ ಊರುಗಳಲ್ಲಿ ಬೀದಿಗೆ ನೆಲಹಾಸು ಹಾಕಲು ಇದೇ ಅಡಿ ಲೆಕ್ಕ ನೂರು ವರ್ಷಕ್ಕೂ ಹಿಂದಿನಿಂದ ಇದೆ. ಅಲ್ಲಿನ ಜಗಳಗಳಿಂದ ನಾವು ಕಲಿಯುವುದಿದೆ. ಒಹಾಯೊ ರಾಜ್ಯದ ನಾರ್‌ವುಡ್ ಎಂಬ ಊರು ಬೇಕರ್ ಎಂಬ ಮಹಿಳೆಯ ಜಮೀನಿನ ನಡುವೆ ಬೀದಿ ತೆಗೆಯಲು ಜಾಗ ಸ್ವಾಧೀನ ಮಾಡಿಕೊಂಡಿತು. ಪರಿಹಾರ ಕೊಟ್ಟಿತು. ಆಮೇಲೆ ಆ ಪರಿಹಾರದ ಹಣವನ್ನೂ ಕೋರ್ಟಿನ ಖರ್ಚನ್ನೂ ಬೀದಿಯ ವೆಚ್ಚವೆಂದು ಅಡಿ ಲೆಕ್ಕದಲ್ಲಿ ಆಕೆಯ ಉಳಿದ ಜಮೀನಿನ ಮೇಲೆಯೇ ಹೊರಿಸಿತು. 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ: ಬೀದಿಯಿಂದ ಆಸ್ತಿಗೆ ಆದ ಲಾಭಕ್ಕಿಂತ ಬಹಳ ಹೆಚ್ಚು ವಸೂಲು ಮಾಡಿದರೆ ಅದು ಪರಿಹಾರವಿಲ್ಲದೆ ಆಸ್ತಿ ಕಿತ್ತುಕೊಂಡಂತೆ ಎಂದಿತು. ಮೂರು ವರ್ಷಗಳ ನಂತರ, 1901ರಲ್ಲಿ, ಕಾನ್ಸಾಸ್ ಸಿಟಿಯ ಡಾಂಬರು ಬೀದಿಯೊಂದರ ಮೊಕದ್ದಮೆಯಲ್ಲಿ ಅದೇ ಕೋರ್ಟು ಅಡಿ ಲೆಕ್ಕದ ಹಂಚಿಕೆಯನ್ನು ಎತ್ತಿಹಿಡಿಯಿತು. ಆ ತೀರ್ಪುಗಳು ನಮ್ಮಲ್ಲಿ ಅನ್ವಯಿಸುವುದಿಲ್ಲ. ಆದರೂ ಅಡಿ ಎಷ್ಟು ಎಂದು ಅಳೆಯುವ ಜೊತೆಗೆ ಲಾಭ ಎಷ್ಟು ಎಂದೂ ಅಳೆಯಬೇಕು ಎಂಬ ಮಾತು ಕಾಕುವಿನ ಕಿಟಕಿಯಿಲ್ಲದ ಗೋಡೆಗೂ ಸಲ್ಲುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. ಮೊದಲ ಸಲ ರಸ್ತೆ ಮಾಡುವ ಖರ್ಚು ಬಡಾವಣೆ ಮಾಡಿ ಮಾರಿದವರದು. ಅವರು ಕೈಗೆ ಸಿಗುವಂತಿದ್ದರೆ ಮಾಲೀಕರ ಬಾಗಿಲಿಗೆ ನೋಟಿಸ್ ಬರಬಾರದು. ಅವರು ಸಿಗಲೇ ಇಲ್ಲವೆಂದರೆ ಮಾಲೀಕರು ಒಂದು ಪಾಲು ಕೊಡಲಿ, ಆದರೆ ಉಳಿದದ್ದನ್ನು ಊರು ಹೊರಬೇಕು, ಏಕೆಂದರೆ ಆ ಬೀದಿಯಲ್ಲಿ ಹಾಲಿನವನೂ ಆಟೋದವನೂ ಆಂಬುಲೆನ್ಸೂ ಓಡಾಡುತ್ತವೆ. ಒಮ್ಮೆ ಕೊಟ್ಟ ಮೇಲೆ ದುರಸ್ತಿಗೆ ಮತ್ತೆ ಕೇಳಬಾರದು.

ಹಣ ಕೊಡುವ ಮೊದಲು ನೆಲದ ಮಾತೂ ತಿಳಿದಿರಲಿ. ತೊಗರಿ ಬೆಳೆಯುವ ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಕೈ ಇಳಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟು ಸುರಿದರೆ ಕೆಳಗಿನ ನೆಲ ಅಲುಗಾಡಿ ಮೇಲಿನದು ಸೀಳುತ್ತದೆ. ಎರೆಮಣ್ಣು ತೆಗೆದು, ಮುರುಮ್ (ಗರಸು ಮಣ್ಣು) ತುಂಬಿ, ನೀರು ಹಾಕಿ, ರೋಲರ್ ಓಡಿಸಿ ಗಟ್ಟಿ ಮಾಡಬೇಕು. ನೀರು ಹೋಗಲು ಚರಂಡಿ ಮೊದಲು ಬರಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯವರು ಮನೆಗೆ ಎರಡು ಸಾವಿರದಂತೆ ವಂತಿಗೆ ಹಾಕಿ ಟ್ರ್ಯಾಕ್ಟರಿನಲ್ಲಿ ಮುರುಮ್ ತರಿಸಿ ಹರಡಿಸಿದೆವು. ಸಂಜೆ ಮಕ್ಕಳು ಅದರ ಮೇಲೆ ಸೈಕಲ್ ಓಡಿಸಿದ ಖುಷಿ ಇನ್ನೂ ಕಣ್ಣ ಮುಂದಿದೆ. ಚರಂಡಿ ಇರಲಿಲ್ಲ, ಕೆಳಗಿನ ಮಣ್ಣನ್ನು ಯಾರೂ ತೆಗೆದಿರಲಿಲ್ಲ. ಶ್ರಾವಣದ ಹೊತ್ತಿಗೆ ಮುರುಮ್ ಎಲ್ಲಿ ಹೋಯಿತೋ ಕಾಣದು, ಚಪ್ಪಲಿ ಹಿಡಿದೆಳೆಯುವ ಕರಿ ಕೆಸರು ಮತ್ತೆ ಮೇಲೆದ್ದಿತು. ಕೊನೆಗೆ ಯಾರ ಮನೆಯ ಹಿತ್ತಲಿನಲ್ಲೋ ಉಳಿದಿದ್ದ ಶಹಾಬಾದ್ ಪರಸಿ ಕಲ್ಲುಗಳನ್ನು ಒಂದೊಂದು ಹೆಜ್ಜೆಗೆ ಒಂದರಂತೆ ಇಟ್ಟು ದಾಟಿದೆವು.

ಇನ್ನು ನೀವು ಮಾಡಬೇಕಾದ ಕೆಲಸ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಒಂದು ಅರ್ಜಿ ಬರೆಯಿರಿ. ಬಡಾವಣೆಗೆ ಅನುಮೋದನೆ ಇದೆಯೇ, ರಸ್ತೆಗಳು ಯಾವ ದಿನ ಹಸ್ತಾಂತರವಾದವು, ನಮ್ಮ ಬೀದಿ ಸಾರ್ವಜನಿಕ ಬೀದಿಗಳ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿ, ದಾಖಲೆಗಳ ನಕಲು ಬೇಡಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಪಾಲಿಕೆಗೂ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಬೇರೆ ಬೇರೆ ಅರ್ಜಿ ಕೊಡುವುದು ಒಳ್ಳೆಯದು, ಏಕೆಂದರೆ ಹಸ್ತಾಂತರದ ಕಾಗದ ಇಬ್ಬರ ನಡುವೆ ಎಲ್ಲಿ ನಿಂತಿದೆ ಎಂಬುದು ಆಗ ಗೊತ್ತಾಗುತ್ತದೆ. ಬೀದಿ ಪಟ್ಟಿಯಲ್ಲಿದ್ದರೆ ಅಡಿ ಲೆಕ್ಕದ ಮಾತನ್ನು ಅಲ್ಲಿಗೇ ನಿಲ್ಲಿಸಿ.

ಪಟ್ಟಿಯಲ್ಲಿ ಇಲ್ಲದಿದ್ದರೆ, ಬಾಯಿಮಾತಿನ ಬೇಡಿಕೆಗೆ ಹಣ ಕೊಡಬೇಡಿ. ಗುತ್ತಿಗೆದಾರರ ಕೈಗೆ ನಗದು ಕೊಡುವುದಂತೂ ಬೇಡವೇ ಬೇಡ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಸೂಲು ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಶುಲ್ಕಕ್ಕೂ ಕಾನೂನಿನ ಬಲ ಬೇಕು. ನೋಟಿಸಿನಲ್ಲಿ ಕಾಯ್ದೆಯ ಪ್ರಕರಣ, ಅಂದಾಜು ಪಟ್ಟಿ, ನಿಮ್ಮ ಮುಖಭಾಗದ ಅಳತೆ ಮೂರೂ ಇವೆಯೇ ನೋಡಿ. ಅಂದಾಜಿನಲ್ಲಿ ಚರಂಡಿ ಮತ್ತು ಮುರುಮ್ ಹಾಸು ಸೇರಿವೆಯೇ ಎಂದು ಓದಿ. ಟೇಪು ಹಿಡಿದು ನಿಮ್ಮ ಗೋಡೆಯನ್ನು ನೀವೇ ಅಳೆಯಿರಿ, ಖಾಲಿ ನಿವೇಶನಗಳ ಅಡಿಗಳನ್ನೂ ಕೂಡಿಸಿ ನೋಡಿ. ಒಟ್ಟು ಮೊತ್ತ ಅವರಿಗೂ ಹಂಚಿಕೆಯಾಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಕೊಡುವುದಾದರೆ ರಸೀದಿ ಪಡೆದು ಕೊಡಿ.

ಕೆಲಸ ಮುಗಿದ ದಿನ ಇನ್ನೊಂದು ಅರ್ಜಿ ಬಾಕಿ ಇರುತ್ತದೆ. ರಸ್ತೆ, ಚರಂಡಿ, ದೀಪ ಆದ ಬೀದಿಯನ್ನು ಸಾರ್ವಜನಿಕ ಬೀದಿ ಎಂದು ಘೋಷಿಸಿ ಎಂದು ಕೇಳಲು ಮಾಲೀಕರಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಬೀದಿಯ ಬಹುಪಾಲು ಮಾಲೀಕರ ಸಹಿ ಹಾಕಿಸಿ, ಆಯುಕ್ತರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಹೈದರಾಬಾದಿನಲ್ಲಿರುವ ಖಾಲಿ ನಿವೇಶನದವರ ಸಹಿಗೆ ಫೋನು ಮಾಡಲು ಈಗಿನಿಂದಲೇ ಶುರು ಮಾಡಿದರೆ ಒಳ್ಳೆಯದು.