ಹಗಲು ಮಲಗುವವರ ಮನೆ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಳ್ಳಾರಿ–ರಾಯಚೂರು ಸೀಮೆಯ ಒಂದು ಗಣಿ ಕಾಲನಿಗೆ ಹೋಗಿದ್ದೆ. ನಾನೇ ನಕ್ಷೆ ಹಾಕಿಕೊಟ್ಟ ಕ್ವಾರ್ಟರ್ಸು, ಜನ ವಾಸಕ್ಕೆ ಬಂದು ವರ್ಷವಾಗಿತ್ತು. ಬಾಗಿಲು ತಟ್ಟುವಷ್ಟರಲ್ಲಿ ಮನೆಯಾಕೆ ಹೊರಗೆ ಬಂದು ತುಟಿಯ ಮೇಲೆ ಬೆರಳಿಟ್ಟರು.

"ಸಣ್ಣಗ ಮಾತಾಡ್ರಿ ಸರ, ಈಗರ ಕಣ್ಣು ಹತ್ಯಾವ ಅವ್ರಿಗೆ."

ಗಂಡ ರಾತ್ರಿ ಪಾಳಿ ಮುಗಿಸಿ ಬಂದಿದ್ದ. ಒಗ್ಗರಣೆಯ ಸದ್ದಿಗೆ ಅವನಿಗೆ ಎಚ್ಚರವಾದೀತೆಂದು ಈಕೆ ಸ್ಟೌವನ್ನು ಹಿತ್ತಲಿಗೆ ಒಯ್ದು ಬಿಸಿಲಲ್ಲೇ ಅಡುಗೆ ಮಾಡುತ್ತಿದ್ದರು. ಮಗುವನ್ನು ಬೇವಿನ ಮರದ ಬುಡಕ್ಕೆ ಆಡಲು ಕಳಿಸಿದ್ದರು. ಮಲಗುವ ಕೋಣೆಗೆ ನಾನು ಪೂರ್ವಕ್ಕೆ ಐದು ಅಡಿ ಅಗಲದ ಗಾಜಿನ ಕಿಟಕಿ ಕೊಟ್ಟಿದ್ದೆ. ಅದಕ್ಕೆ ಒಳಗಿನಿಂದ ಸಿಮೆಂಟ್ ಚೀಲ ಮೊಳೆ ಹೊಡೆದು, ಅದರ ಮೇಲೆ ಒದ್ದೆ ಚಾದರ ಇಳಿಬಿಟ್ಟಿದ್ದರು. ಬಾಗಿಲ ಸಂದಿಯಿಂದ ಕಂಡದ್ದಿಷ್ಟು: ಮಂಚ ಖಾಲಿ, ಆತ ನೀರು ಚೆಲ್ಲಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿ ಮೈಯಲ್ಲಿ, ಮುಖಕ್ಕೆ ಒದ್ದೆ ಟವೆಲ್ಲು ಮುಚ್ಚಿಕೊಂಡು ಮಲಗಿದ್ದ.

ಗಾಳಿ ಬೆಳಕು ಧಾರಾಳವಾಗಿರಲಿ ಎಂದು ಕಾಲೇಜಿನಲ್ಲಿ ಕಲಿತಿದ್ದೆ, ಹಾಗೇ ಕಟ್ಟಿದ್ದೆ. ಈ ಮನೆಯ ದುಡಿಯುವ ಮನುಷ್ಯ ಮಲಗುವುದು ಎಷ್ಟು ಹೊತ್ತಿಗೆ ಎಂದು ಯಾರನ್ನೂ ಕೇಳಿರಲಿಲ್ಲ. ಅಂದಿನಿಂದ ಗಣಿ ಊರಿನ ಮನೆ ಎಂದರೆ ನಾನು ಮೊದಲು ಗುರುತು ಹಾಕುವುದು ಹಗಲು ನಿದ್ದೆಯ ಕೋಣೆಗೆ. ಉಳಿದದ್ದೆಲ್ಲ ಆಮೇಲೆ.

ಗಣಿ ನಿಲ್ಲುವುದಿಲ್ಲ, ದಿನಕ್ಕೆ ಮೂರು ಪಾಳಿ. ಪಾಳಿ ಬದಲಾಗುತ್ತ ಹೋಗುವುದರಿಂದ ಹೆಚ್ಚುಕಡಿಮೆ ಪ್ರತಿ ಮನೆಗೂ ಆಗಾಗ ಹಗಲು ಮಲಗುವ ಸರದಿ ಬರುತ್ತದೆ. ಹಗಲು ನಿದ್ದೆ ಎಷ್ಟೇ ಅನುಕೂಲವಿದ್ದರೂ ರಾತ್ರಿ ನಿದ್ದೆಗಿಂತ ಒಂದೆರಡು ಗಂಟೆ ಕಡಿಮೆಯೇ. ಬೆಳಕು, ಸದ್ದು, ಸೆಕೆ ಸೇರಿ ಅದನ್ನು ಇನ್ನೂ ಕತ್ತರಿಸುತ್ತವೆ. ಅರೆನಿದ್ದೆಯ ಮನುಷ್ಯ ಮತ್ತೆ ರಾತ್ರಿ ಹೋಗಿ ಡ್ರಿಲ್ ಹಿಡಿಯಬೇಕು, ಡಂಪರ್ ಓಡಿಸಬೇಕು. ನೆಲದಡಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1952ರ ಗಣಿ ಕಾಯ್ದೆಯೇ ಹೇಳಿತ್ತು. ಅವನ ಮಲಗುವ ಕೋಣೆ ಮಧ್ಯಾಹ್ನ ಎಷ್ಟು ಕಾವೇರುತ್ತದೆ ಎಂದು ಅಳೆಯುವವರನ್ನು ನಾನು ಇದುವರೆಗೆ ಯಾವ ಕಾಲನಿಯಲ್ಲೂ ಕಂಡಿಲ್ಲ.

ಸೆಕೆಯ ಲೆಕ್ಕ ಬಿಡಿಸಿ ಹೇಳಬೇಕು, ಏಕೆಂದರೆ ತಪ್ಪು ಆಗುವುದೇ ಇಲ್ಲಿ. ಬಿಸಿಲು ಚಾವಣಿಯ ಮೇಲೆ ಬಿದ್ದ ಕೂಡಲೇ ಒಳಗೆ ಬರುವುದಿಲ್ಲ. ಚಾವಣಿಯ ದಪ್ಪ ದಾಟಿ ಬರಲು ಅದಕ್ಕೆ ಹೊತ್ತು ಹಿಡಿಯುತ್ತದೆ. ನಾಲ್ಕಿಂಚಿನ ಕಾಂಕ್ರೀಟ್ ಸ್ಲ್ಯಾಬಾದರೆ ಸುಮಾರು ಮೂರು ಗಂಟೆ. ಬೆಳಿಗ್ಗೆ ಒಂಬತ್ತರ ಬಿಸಿಲು ಹನ್ನೆರಡಕ್ಕೆ ತಲೆಯ ಮೇಲಿರುತ್ತದೆ, ಮಧ್ಯಾಹ್ನ ಒಂದರದು ನಾಲ್ಕಕ್ಕೆ. ಎಂಟೂವರೆಗೆ ಮಲಗಿದವನಿಗೆ ನಿದ್ದೆ ಗಾಢವಾಗಬೇಕಾದ ಹೊತ್ತಿಗೆ ಸರಿಯಾಗಿ ಸ್ಲ್ಯಾಬು ಕಾವು ಇಳಿಸಲು ಶುರುಮಾಡುತ್ತದೆ. ಫ್ಯಾನು ಆ ಕಾವನ್ನೇ ಮೈಮೇಲೆ ತಳ್ಳುತ್ತದೆ.

ಇನ್ನು ಈ ಸೀಮೆಯ ಹಳೆಯ ಮಾಳಿಗೆ ಮನೆ ನೋಡಿ. ದಪ್ಪ ಕಲ್ಲುಗೋಡೆ, ತೊಲೆ, ಜಂತಿ, ಅದರ ಮೇಲೆ ಒಂದಡಿಯಷ್ಟು ಮಣ್ಣಿನ ಮೇಲ್ಮುದ್ದೆ. ಮೇಲೆ ಹಾಸುವುದು ಸವಳು ಮಣ್ಣು. ಬೆಳೆಗೆ ಬಾರದ ಮಣ್ಣು ಚಾವಣಿಗೆ ಏಕೆ ಬಂತೆಂದರೆ, ಅದರಲ್ಲಿ ಸೋಡಿಯಂ ಉಪ್ಪು ಹೆಚ್ಚು. ಮಳೆ ಬಿದ್ದಾಗ ಮಣ್ಣಿನ ಕಣ ಬಿಚ್ಚಿಕೊಂಡು ಸಂದುಗಳನ್ನೆಲ್ಲ ಮುಚ್ಚುತ್ತದೆ, ನೀರು ಇಳಿಯುವುದಿಲ್ಲ. ಈ ಚಾವಣಿ ದಾಟಲು ಬಿಸಿಲಿಗೆ ಹತ್ತು ಗಂಟೆಯಾದರೂ ಬೇಕು. ಮಧ್ಯಾಹ್ನದ ಕಾವು ಒಳಗೆ ಬರುವ ಹೊತ್ತಿಗೆ ನಡುರಾತ್ರಿ ಹತ್ತಿರವಾಗಿರುತ್ತದೆ, ಮನೆಯವರೆಲ್ಲ ಮಾಳಿಗೆ ಹತ್ತಿ ಬಯಲ ಗಾಳಿಗೆ ಹಾಸಿಕೊಂಡಿರುತ್ತಾರೆ. ಹಗಲು ಮಲಗಲು ಒಳಮನೆ, ರಾತ್ರಿ ಮಲಗಲು ಮಾಳಿಗೆ. ಪಾಳಿ ದುಡಿಮೆಗೆ ಇದಕ್ಕಿಂತ ಒಪ್ಪುವ ಮನೆಯನ್ನು ನಾನು ಕಂಡಿಲ್ಲ.

ಹಾಗೆಂದು ಇಂದು ಮುನ್ನೂರು ಮನೆಗೆ ತೊಲೆ ಎಲ್ಲಿಂದ ತರುವುದು? ವರ್ಷವರ್ಷ ಮಣ್ಣು ಹಾಕಿ ತುಳಿಯುವವರು ಯಾರು? ಸ್ಲ್ಯಾಬಿನ ಮೇಲೆ ಅರ್ಧ ಅಡಿ ಮಣ್ಣು ಹೇರಿದರೂ ಚದರ ಮೀಟರಿಗೆ ಇನ್ನೂರೈವತ್ತು ಕಿಲೋ ಭಾರ ಬೀಳುತ್ತದೆ, ಅದಕ್ಕೆ ಕಬ್ಬಿಣ ಹೆಚ್ಚು ಬೇಕು, ಖರ್ಚು ಏರುತ್ತದೆ. ನಾವು ಈಗ ಮಾಡುತ್ತಿರುವುದು ಸರಳ. ಸ್ಲ್ಯಾಬಿನ ಮೇಲೆ ಕುಂಬಾರರ ಚಿಕ್ಕ ಗಡಿಗೆಗಳನ್ನು ಬೋರಲು ಹಾಕಿ ಸಾಲಾಗಿ ಜೋಡಿಸುತ್ತೇವೆ, ಸಂದಿಗೆ ಸುಣ್ಣದ ಗಾರೆ, ಮೇಲೆ ಬಿಳಿ ಟೈಲ್ಸ್ ಚೂರು. ಗಡಿಗೆಯೊಳಗೆ ಸಿಕ್ಕಿಬಿದ್ದ ಗಾಳಿ ಕಾವನ್ನು ತಡೆಯುತ್ತದೆ, ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಭಾರವೂ ಕಡಿಮೆ. ಮಾಳಿಗೆಗೆ ಮೆಟ್ಟಿಲು ಇರಲೇಬೇಕು, ಸುತ್ತ ಎದೆಮಟ್ಟದ ಗೋಡೆಯೂ ಬೇಕು. ಖರ್ಚು ಉಳಿಸಲು ಕ್ವಾರ್ಟರ್ಸಿಗೆ ಮೆಟ್ಟಿಲನ್ನೇ ಬಿಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮೇ ತಿಂಗಳಲ್ಲಿ ಹೆಂಗಸರು ಮಕ್ಕಳು ಎಲ್ಲಿ ಮಲಗಬೇಕು?

ಹಗಲು ನಿದ್ದೆಯ ಕೋಣೆಯನ್ನು ಉತ್ತರಕ್ಕೆ ತಳ್ಳುತ್ತೇನೆ. ಅದರ ಯಾವ ಗೋಡೆಯೂ ಪಡುವಣ ಬಿಸಿಲಿಗೆ ತೆರೆದಿರಬಾರದು. ಪಡುವಣಕ್ಕೆ ಬಚ್ಚಲು, ಸಾಮಾನಿನ ಕೋಣೆ ಬರಲಿ. ಕಿಟಕಿ ಚಿಕ್ಕದು, ಎತ್ತರದಲ್ಲಿ, ಗಾಜಲ್ಲ, ಹಲಗೆ ಕದ. ಮುಚ್ಚಿದರೆ ಕತ್ತಲಾಗಬೇಕು. ಮೇಲೆ ಒಂದು ಬೆಳಕಿಂಡಿ, ಅದಕ್ಕೂ ಮುಚ್ಚಳ. ಸಂಜೆ ಎದ್ದ ಮೇಲೆ ಎಲ್ಲ ತೆರೆದರೆ ರಾತ್ರಿಯಿಡೀ ತಂಪು ಗಾಳಿ ಆಡಿ ಗೋಡೆ ಮತ್ತೆ ಆರುತ್ತದೆ. ಅಡುಗೆಮನೆಗೂ ಈ ಕೋಣೆಗೂ ನಡುವೆ ಒಂದು ಪಡಸಾಲೆ ಇರಲಿ, ಮಿಕ್ಸಿ ಸದ್ದು ಅಲ್ಲೇ ನಿಲ್ಲುತ್ತದೆ. ಸಾಲು ಮನೆಯಾದರೆ ಪಕ್ಕದವರ ಟಿ.ವಿ. ಗೋಡೆ ಇವರ ತಲೆದಿಂಬಿನ ಗೋಡೆ ಆಗದಂತೆ ಒಂದು ಮನೆ ಬಿಟ್ಟು ಒಂದರ ನಕ್ಷೆಯನ್ನು ಮಗುಚಬಾರದು. ಮಗುಚದಿದ್ದರೆ ಪ್ರತಿ ಮನೆಯ ಪಡುವಣದ ಬಚ್ಚಲು, ಸಾಮಾನಿನ ಕೋಣೆ ಎರಡು ಮನೆಗಳ ನಡುವೆ ಅಡ್ಡ ಬರುತ್ತವೆ. ಕನ್ನಡಿಯಲ್ಲಿ ಕಂಡಂತೆ ನಕ್ಷೆ ತಿರುಗಿಸಿ ಕೊಳಾಯಿ ಪೈಪು ಉಳಿಸುವುದು ನಮ್ಮ ಕಚೇರಿಗಳ ಹಳೆಯ ರೂಢಿ. ಉಳಿಯುವುದು ಹತ್ತಡಿ ಪೈಪು.

ಆಸ್ಟ್ರೇಲಿಯದ ಮರಳುಗಾಡಿನ ಕೂಬರ್ ಪೀಡಿಯಲ್ಲಿ 1915ರಿಂದ ಓಪಲ್ ರತ್ನ ಅಗೆಯುತ್ತಿದ್ದಾರೆ. ಅಲ್ಲಿನ ಜನ ಗುಡ್ಡ ಕೊರೆದು ಅದರೊಳಗೇ ಮನೆ ಮಾಡಿಕೊಂಡರು. ಹೊರಗೆ 45 ಡಿಗ್ರಿ ಇದ್ದರೂ ಒಳಗೆ 25ರ ಆಸುಪಾಸು. ಅವರಿಗೆ ಮೆದು ಮರಳುಗಲ್ಲು ಸಿಕ್ಕಿತು, ನಮ್ಮದು ಗಟ್ಟಿ ಕಣಶಿಲೆ (ಗ್ರಾನೈಟ್), ಹಾಗಾಗಿ ನಕಲು ಮಾಡಲು ಬರುವುದಿಲ್ಲ. ಕೆನಡಾದ ಕಬ್ಬಿಣದ ಊರು ಫೆರ್ಮಾಂಟ್‌ನದು ಬೇರೆ ಕಷ್ಟ. ಅಲ್ಲಿ ಕೊರೆಯುವ ಉತ್ತರದ ಗಾಳಿಗೆ ಅಡ್ಡವಾಗಿ 1970ರ ದಶಕದಲ್ಲಿ ಒಂದು ಕಿಲೋಮೀಟರಿಗೂ ಉದ್ದದ ಒಂದೇ ಕಟ್ಟಡ ಎತ್ತಿದರು. ಮನೆ, ಅಂಗಡಿ, ಶಾಲೆ ಎಲ್ಲ ಅದರೊಳಗೆ, ಬಿಡಿ ಮನೆಗಳೆಲ್ಲ ಅದರ ಮರೆಗೆ. ಎರಡು ಊರಿನಲ್ಲೂ ಮೊದಲು ಹವೆ ಓದಿದರು, ಆಮೇಲೆ ಗೆರೆ ಎಳೆದರು.

ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಹವೆ ಓದಿದ್ದರು, ಕೆಲವರಿಗೆ ಮಾತ್ರ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಕಟ್ಟಿದ ಅಧಿಕಾರಿಗಳ ಬಂಗಲೆಗಳಿಗೆ ದಪ್ಪ ಗೋಡೆ, ಎತ್ತರದ ಚಾವಣಿ, ಸುತ್ತ ಅಗಲದ ವರಾಂಡ, ಮರಗಳ ನೆರಳು. ಕೂಲಿ ಲೈನುಗಳಿಗೆ ಬಿದಿರು ತಟ್ಟಿಯ ಒಂದೇ ಕೋಣೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು ಗಣಿಯ ಯಂತ್ರಕ್ಕೆ. ತಂಪಾಗಿ ಮಲಗುವ ಮನೆ ಹೇಗೆ ಕಟ್ಟಬೇಕೆಂಬ ತಿಳಿವಳಿಕೆ ಆಗಲೇ ಅಲ್ಲಿತ್ತು. ನೆಲದಡಿ ಬೆವರಿ ಬಂದವರಿಗೆ ಅದು ಸಿಗಲಿಲ್ಲ.

ದೂಳಿನ ವಿಷಯಕ್ಕೂ ಕೆಜಿಎಫ್ ನೋಡಲೇಬೇಕು. ಸೈನೈಡ್ ಬಳಸಿ ಚಿನ್ನ ತೆಗೆದು ಉಳಿದ ಪುಡಿ ಅಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಗುಡ್ಡೆಗುಡ್ಡೆಯಾಗಿ ಬಿದ್ದಿದೆ. ಜನ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿಗಾಲದಲ್ಲಿ ಅದರ ಬಿಳಿ ದೂಳು ಊಟದ ತಟ್ಟೆಯವರೆಗೆ ಬರುತ್ತದೆ. ಮುಂಗಾರಿನ ಗಾಳಿ ಬಲವಾಗಿ ಬೀಸುವುದು ನೈಋತ್ಯ, ಪಶ್ಚಿಮದಿಂದ. ಆದ್ದರಿಂದ ಗುಡ್ಡೆಯ ಪೂರ್ವಕ್ಕೆ, ಈಶಾನ್ಯಕ್ಕೆ ಮನೆ ಕಟ್ಟಬಾರದು, ಅಷ್ಟೇ. ನಿವೇಶನ ಆರಿಸುವ ದಿನ ಒಂದು ಬಾವುಟ ನೆಟ್ಟರೂ ತಿಳಿಯುವ ವಿಷಯವಿದು. ಮನೆಯೊಳಗೆ ಇನ್ನೊಂದು ದೂಳು ಬರುತ್ತದೆ, ಬಟ್ಟೆಯಲ್ಲಿ. ಕಲ್ಲಿನ ದೂಳು ಸೇರಿ ಶ್ವಾಸಕೋಶ ಕೆಡಿಸುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ದಾಖಲಾದದ್ದು ಕೋಲಾರದ ಗಣಿಯಲ್ಲಿ. ಅದಕ್ಕೇ ನಾನು ಬಚ್ಚಲಿಗೆ ಹೊರಗಿನಿಂದಲೂ ಒಂದು ಬಾಗಿಲು ಇಡುತ್ತೇನೆ. ಗಣಿಯಿಂದ ಬಂದವರು ಅಲ್ಲೇ ಬಟ್ಟೆ ಕಳಚಿ, ಮೈ ತೊಳೆದು ಒಳಗೆ ಬರಲಿ. ಮಗು ಓಡಿಬಂದು ಅಪ್ಪನ ಕಾಲು ತಬ್ಬುವುದು ಸ್ನಾನವಾದ ಮೇಲೆ.

ನೀರಿನ ಮಾತು ಇನ್ನೂ ಗಂಭೀರ. ಚಿನ್ನವಿರುವ ಬಂಡೆಯಲ್ಲಿ ಹಲವು ಕಡೆ ಆರ್ಸೆನಿಕ್ ಎಂಬ ವಿಷ ಕೂಡ ಇರುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಕೊಳವೆಬಾವಿಯ ನೀರು ಕುಡಿದು ಚರ್ಮರೋಗ, ಕ್ಯಾನ್ಸರಿಗೆ ತುತ್ತಾದರು. ಅಲ್ಲಿಗೆ ಹತ್ತಿರದಲ್ಲೇ ಮಂಗಳೂರು ಎಂಬ ಹಳ್ಳಿಯ ಮುಚ್ಚಿದ ಚಿನ್ನದ ಗಣಿ ಇದೆ. ಇಂಥ ನೆಲದಲ್ಲಿ ಕುಡಿಯಲು ಕೊಳವೆಬಾವಿ ನೆಚ್ಚಬೇಡಿ ಎನ್ನುತ್ತೇನೆ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಎಂದಿಟ್ಟುಕೊಂಡರೂ 60 ಚದರ ಮೀಟರ್ ಮಾಳಿಗೆಯಿಂದ, ಹರಿದು ಆರಿ ಹೋದದ್ದು ಕಳೆದು, 28,000 ಲೀಟರ್ ಸಿಗುತ್ತದೆ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಸಾಕು. ಎಂಟು ತಿಂಗಳ ಒಣಗಾಲಕ್ಕೆ 7,200 ಲೀಟರ್. ಪಡಸಾಲೆಯ ಕೆಳಗೆ ಎಂಟು ಸಾವಿರ ಲೀಟರಿನ ತೊಟ್ಟಿ ತೋಡಿದರೆ ಮುಗಿಯಿತು. ಒಂದು ಎಚ್ಚರ: ಮೇಲೆ ಹೇಳಿದ ದೂಳಿನ ದಿಕ್ಕಿನಲ್ಲಿ ಮನೆಯಿದ್ದರೆ ಮಾಳಿಗೆಯ ನೀರೂ ಕುಡಿಯಲು ಬಾರದು. ನಿವೇಶನದಲ್ಲಿ ಎಡವಿದರೆ ಮುಂದಿನ ಯಾವ ಜಾಣತನವೂ ಉಳಿಸುವುದಿಲ್ಲ.

ಅದಿರಿನ ಪುಡಿಯಿಂದಲೇ ಇಟ್ಟಿಗೆ ಮಾಡಿ ಮನೆ ಕಟ್ಟೋಣ ಎಂಬ ಸಲಹೆ ಆಗಾಗ ಬರುತ್ತದೆ. ಗಣಿಯಿಂದ ಬಂದ ಒರಟು ಕಲ್ಲನ್ನು ಪಾಯಕ್ಕೆ ಸಂತೋಷದಿಂದ ಬಳಸುತ್ತೇನೆ. ಸೈನೈಡ್ ತೊಟ್ಟಿ ದಾಟಿ ಬಂದ ನುಣ್ಣನೆ ಪುಡಿಯನ್ನು ಪರೀಕ್ಷೆ ಮಾಡಿಸದೆ ಮಲಗುವ ಕೋಣೆಯ ಗೋಡೆಗೆ ಹಾಕಲು ನನ್ನ ಕೈ ಬರುವುದಿಲ್ಲ.

ಗಣಿ ಮುಚ್ಚಿದ ಮೇಲೆ ಮನೆಗೆ ಏನಾಗುತ್ತದೆ? ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು, ಕಾಲನಿ ಬರಿದಾಯಿತು. ಏಳು ಸಾವಿರ ಮಿಲಿಮೀಟರ್ ಮಳೆಯ ಜಾಗದಲ್ಲಿ ಒಲೆ ಹಚ್ಚದ ಮನೆ ಎಷ್ಟು ದಿನ ನಿಂತೀತು? ಗೋಡೆಗೆ ಪಾಚಿ, ಚಾವಣಿಗೆ ಗಿಡ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಊರು ಉಳಿಯಿತು. ರಾಬರ್ಟ್‌ಸನ್‌ಪೇಟೆಯ ಸಂತೆ, ಮಾರಿಕುಪ್ಪಂನಿಂದ ನಸುಕಿಗೆ ಬೆಂಗಳೂರಿಗೆ ಹೊರಡುವ ರೈಲು, ಮೂರು ನಾಲ್ಕು ತಲೆಮಾರಿನ ನಂಟು ಅದನ್ನು ಹಿಡಿದು ನಿಲ್ಲಿಸಿದವು. ಬೇಲಿ ಹಾಕಿದ ಕ್ವಾರ್ಟರ್ಸಿಗಿಂತ ಹತ್ತಿರದ ಹಳ್ಳಿ, ಪೇಟೆಗೆ ಅಂಟಿಕೊಂಡ ಬಡಾವಣೆ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಇಷ್ಟೆಲ್ಲ ಹೇಳಿದ್ದು ಕಾಯಂ ನೌಕರರ ಮನೆಗಳ ಬಗ್ಗೆ. ಗೇಟಿನ ಹೊರಗೆ ಗುತ್ತಿಗೆ ಕಾರ್ಮಿಕರ ತಗಡಿನ ಶೆಡ್ಡುಗಳಿವೆ. ಅವರಿಗೂ ಅದೇ ರಾತ್ರಿ ಪಾಳಿ. ತಗಡು ದಾಟಲು ಬಿಸಿಲಿಗೆ ಗಂಟೆ ಬೇಡ, ನಿಮಿಷ ಸಾಕು. ಕಳೆದ ಬೇಸಿಗೆಯಲ್ಲಿ ಆರು ಶೆಡ್ಡುಗಳಿಗೆ ತಗಡಿನ ಮೇಲೆ ಎರಡು ಸಲ ಸುಣ್ಣ ಹೊಡೆಸಿದೆವು. ಒಳಗೆ ಒಂದಡಿ ಕೆಳಗೆ ಜೋಳದ ದಂಟಿನ ತಟ್ಟಿ ಕಟ್ಟಿ, ಬೆಂಕಿ ತಾಗದಂತೆ ಎರಡೂ ಮೈಗೆ ಮಣ್ಣು ಮೆತ್ತಿದೆವು. ನಡುವಿನ ಕಾವು ಹೊರಹೋಗಲು ಎರಡು ತುದಿಗೂ ಕಿಂಡಿ ಬಿಟ್ಟೆವು. ದಂಟು, ಮಣ್ಣು ಊರಿನದೇ, ಕೂಲಿ ಶೆಡ್ಡಿನವರದೇ.

ಮುಗಿದ ವಾರ ನೋಡಲು ಹೋದಾಗ ಮಧ್ಯಾಹ್ನ ಎರಡಾಗಿತ್ತು. ಕೊನೆಯ ಶೆಡ್ಡಿನ ಹುಡುಗ ರಾತ್ರಿ ಪಾಳಿಯವನು. ಅವನನ್ನು ಮಾತಾಡಿಸಬೇಕೆಂದು ಹೋದವನು ಹೊರಗಿನ ಕಲ್ಲಿನ ಮೇಲೆ ಕೂತೆ. ಮೂರೂವರೆಯಾದರೂ ಅವನು ಎದ್ದಿರಲಿಲ್ಲ.