ಗವಿಗೆ ಎರಡು ಸಲ ಬರುವ ಬಿಸಿಲು

ಸಂಕ್ರಾಂತಿ ದಿನ ಸಂಜೆ ಐದು ಗಂಟೆ ಆಯಿತೆಂದರೆ ನಮ್ಮಮ್ಮ ಟೀವಿ ಮುಂದೆ ಕೈಮುಗಿದು ಕೂತುಬಿಡುತ್ತಾರೆ. ಬೆಂಗಳೂರಿನ ಗವಿಪುರದ ಗುಹಾಲಯದಿಂದ ಗವಿ ಗಂಗಾಧರೇಶ್ವರನ ನೇರಪ್ರಸಾರ. ಕಿಂಡಿಯಿಂದ ನುಗ್ಗಿದ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಬುಡ ಮುಟ್ಟಿ, ಮೆಲ್ಲಗೆ ಮೇಲೇರುತ್ತದೆ. ಹೊರಗೆ ಸೂರ್ಯ ಇಳಿದಷ್ಟೂ ಕಿಂಡಿಯೊಳಗಿನ ಬೆಳಕು ಏರಲೇಬೇಕು, ಅದು ಬರೀ ರೇಖಾಗಣಿತ. ಗೊತ್ತಿದ್ದೂ ಆ ಕೆಲವು ನಿಮಿಷ ನನಗೂ ಮಾತು ಹೊರಡುವುದಿಲ್ಲ.

ಇದೇ ಬಿಸಿಲು ನವೆಂಬರ್ ಕೊನೆಯಲ್ಲೂ ಗವಿಯೊಳಕ್ಕೆ ಬರುತ್ತದೆ. ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದ್ದರು. ಸೂರ್ಯ ದಕ್ಷಿಣದ ತುತ್ತತುದಿ ಮುಟ್ಟುವುದು ಡಿಸೆಂಬರ್ 21 ಇಲ್ಲವೇ 22ಕ್ಕೆ. ಅಲ್ಲಿಂದ ಹಿಂದಿರುಗುತ್ತ ಜನವರಿ 14ರಂದು ಎಲ್ಲಿ ಮುಳುಗುತ್ತಾನೋ, ಹೋಗುವಾಗ ಅಷ್ಟೇ ದಿನ ಮುಂಚೆ, ಅಂದರೆ ನವೆಂಬರ್ 28ರ ಆಸುಪಾಸಿನಲ್ಲಿ, ಅಲ್ಲೇ ಮುಳುಗಿರುತ್ತಾನೆ. ಗಡಿಯಾರದಲ್ಲಿ ಮಾತ್ರ ಸುಮಾರು 20 ನಿಮಿಷ ಮೊದಲು. ಅವತ್ತು ಕ್ಯಾಮೆರಾ ಇಲ್ಲ, ನೂಕುನುಗ್ಗಲಿಲ್ಲ.

ಇನ್ನೊಂದು ತೊಡಕೂ ಇದೆ. ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಕಳೆದ ಮೇಲೆ ನಾವು ಉತ್ತರಾಯಣ ಪುಣ್ಯಕಾಲ ಆಚರಿಸುತ್ತೇವೆ! ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುತ್ತದೆ. ಭೂಮಿಯ ಅಕ್ಷವೋ, ವೇಗ ತಗ್ಗಿದ ಬುಗುರಿಯಂತೆ ವಾಲಾಡುತ್ತದೆ. ಹಾಗಾಗಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಸೂರ್ಯ ತಿರುಗುವ ದಿನದಿಂದ ದೂರ ಸರಿಯುತ್ತಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು.

ಹೀಗೆಂದ ಮಾತ್ರಕ್ಕೆ ಅಮ್ಮನ ಕೈ ಬಿಡಿಸಬೇಕೆ? ನನಗೇನೂ ಹಾಗನ್ನಿಸುವುದಿಲ್ಲ. ಕೈಮುಗಿಯುವವರು ಸೂರ್ಯನ ಕೋನ ಎಷ್ಟೆಂದು ಹೇಳಲು ಹೊರಟಿಲ್ಲ. ಜಗಳ ಹುಟ್ಟುವುದು ಬೇರೆ ಕಡೆ. ಮೋಡ ಕವಿದು ಕಿರಣ ಬೀಳದಿದ್ದರೆ ‘ಈ ವರ್ಷ ಗಂಡಾಂತರ’ ಎನ್ನುವವರು ಇದ್ದೇ ಇರುತ್ತಾರೆ. ಅದು ಭಕ್ತಿಯ ಮಾತಲ್ಲ, ಭವಿಷ್ಯದ ಬಗ್ಗೆ ಕೊಟ್ಟ ಹೇಳಿಕೆ. ಮೋಡ ಕವಿದ ವರ್ಷಗಳನ್ನೂ ಕವಿಯದ ವರ್ಷಗಳನ್ನೂ ಪಕ್ಕಪಕ್ಕ ಬರೆದು ನೋಡಬಹುದು, ನೋಡಲೇಬೇಕು. ಇಲ್ಲೇ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದು ಇಂಥ ಹೇಳಿಕೆಗಳನ್ನು ಒರೆಗೆ ಹಚ್ಚಲೆಂದೇ.

ಹೋದ ಸಂಕ್ರಾಂತಿಗೆ ಅಮ್ಮನಿಗೆ ನವೆಂಬರ್ ಬಿಸಿಲಿನ ವಿಷಯ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಎಂಬ ಅಳುಕಿತ್ತು. ಒಂದು ಗಳಿಗೆ ಯೋಚಿಸಿ ಕೇಳಿದರು: ‘ಅವತ್ತು ಕ್ಯೂ ಇರಲ್ಲ ಅಂದ್ಯಾ? ಹಂಗಾದ್ರೆ ಆಗ್ಲೇ ಕರ್ಕೊಂಡು ಹೋಗೋ, ಹತ್ರದಿಂದ ನೋಡಬಹುದು.’