ತಂಡದ ಹೆಸರು ಸಂಗೀತದ ಹೆಸರಾದ ಮೇಲೆ: ‘ಅಸಲಿ’ ಬ್ಲೂಗ್ರಾಸ್ ವಾದದ ಹಿನ್ನೆಲೆ

ಬ್ಲೂಗ್ರಾಸ್ ಎಂದರೆ ಇಂದು ಮುಖ್ಯವಾಗಿ ತಂತಿವಾದ್ಯಗಳಲ್ಲಿ ನುಡಿಸುವ ಅಮೆರಿಕದ ಒಂದು ಸಂಗೀತ ಪ್ರಕಾರ. ಆದರೆ ಅದು ಮೊದಲಿಗೆ ಸಂಗೀತದ ಹೆಸರಲ್ಲ, ಒಂದು ತಂಡದ ಹೆಸರು. ಕೆಂಟಕಿ ರಾಜ್ಯದ ರೋಸಿನ್ ಎಂಬ ಹಳ್ಳಿಯ ಕಡೆಯಿಂದ ಬಂದ ಬಿಲ್ ಮನ್ರೋ, ತಮ್ಮ ರಾಜ್ಯಕ್ಕಿದ್ದ ‘ಬ್ಲೂಗ್ರಾಸ್’ ಎಂಬ ಅಡ್ಡಹೆಸರನ್ನೇ ತಂಡಕ್ಕೆ ಇಟ್ಟು, 1939ರಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಓಪ್ರಿ’ ರೇಡಿಯೊ ಕಾರ್ಯಕ್ರಮ ಸೇರಿದರು. ಆ ಹೆಸರು ಇಡೀ ಪ್ರಕಾರಕ್ಕೆ ಅಂಟಿಕೊಂಡದ್ದು 1950ರ ದಶಕದಲ್ಲಿ. ಅಂದಿನಿಂದ ವಾದ ನಿಂತಿಲ್ಲ: ಡ್ರಮ್ ಸೇರಿಸಿದರೆ ಅದು ಅಸಲಿ ಬ್ಲೂಗ್ರಾಸ್ ಆಗುತ್ತದೆಯೇ? ಎಲೆಕ್ಟ್ರಿಕ್ ಬಾಸ್ ಇದ್ದರೆ? ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡು ಗಂಟು ಮತ್ತಷ್ಟು ಬಿಗಿಯಾಗಿದೆ. ಇದು ಅಪಲಾಚಿಯನ್ ಬೆಟ್ಟಸೀಮೆಯ ಬಿಳಿಯರ ಸಂಗೀತ ಎಂಬ ಮಾತು ಎಷ್ಟರ ಮಟ್ಟಿಗೆ ನಿಜ?

ವಾದ್ಯಗಳನ್ನೇ ನೋಡಿ. ಪಿಟೀಲು ವಲಸೆ ಬಂದವರ ಜೊತೆ ಯುರೋಪಿನಿಂದ ಬಂತು, ಮ್ಯಾಂಡೊಲಿನ್‌ನ ಮೂಲ ಇಟಲಿ. ಬ್ಯಾಂಜೊದ ಬೇರು ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರು ಹೊಸ ನೆಲದಲ್ಲಿ ಸೋರೆಬುರುಡೆಗೆ ಚರ್ಮ ಬಿಗಿದು ಅದನ್ನು ಮಾಡಿಕೊಂಡರು. ಸೆನೆಗಲ್, ಗ್ಯಾಂಬಿಯಾ ಭಾಗದ ಜೋಲಾ ಜನರ ಅಕೊಂಟಿಂಗ್ ಎಂಬ ವಾದ್ಯವನ್ನು ನೋಡಿದರೆ ನಂಟು ಕಣ್ಣಿಗೇ ಕಾಣುತ್ತದೆ. 1840ರ ದಶಕದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಬ್ಯಾಂಜೊವನ್ನು ರಂಗದ ಮೇಲೆ ಮೆರೆಸಿದರು. ಮುಂದೆ ಅದು ಬೆಟ್ಟದ ಮನೆಮನೆಯನ್ನೂ ಹೊಕ್ಕಿತು. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಕಪ್ಪು ಜನರ ಹಾಡಿಗೆ ಒಂದು ಪಟ್ಟಿ, ಬಿಳಿಯ ಹಳ್ಳಿಗರ ಹಾಡಿಗೆ ಇನ್ನೊಂದು ಪಟ್ಟಿ ಮಾಡಿ ಮಾರಿದವು. ಊರಿನ ಕುಣಿತಗಳಲ್ಲಿ ಒಟ್ಟಿಗೆ ನುಡಿಸುತ್ತಿದ್ದವರೂ ಅಂಗಡಿಯಲ್ಲಿ ಬೇರೆಬೇರೆ ಕಪಾಟು ಸೇರಿದರು.

ಮನ್ರೋ ಬೆಳೆದ ಊರಿನಲ್ಲಿ ಆ ಕಪಾಟುಗಳು ಇರಲಿಲ್ಲ. ಅವರು ಎಂಟು ಮಕ್ಕಳಲ್ಲಿ ಕೊನೆಯವರು. ಪಿಟೀಲು, ಗಿಟಾರ್ ಅಣ್ಣಂದಿರ ಪಾಲಾದ ಮೇಲೆ ಉಳಿದ ಮ್ಯಾಂಡೊಲಿನ್ ಅವರ ಕೈಗೆ ಬಂತು. ತಂದೆ ತಾಯಿ ಬೇಗ ತೀರಿಕೊಂಡದ್ದರಿಂದ ಪಿಟೀಲು ನುಡಿಸುತ್ತಿದ್ದ ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್ ಮನೆ ಆಸರೆಯಾಯಿತು. ಮನ್ರೋ ಅವರ ಇನ್ನೊಬ್ಬ ಗುರು ಆರ್ನಲ್ಡ್ ಶುಲ್ಟ್ಜ್. ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದ ಈ ಕಪ್ಪು ಕಲಾವಿದ ಗಿಟಾರನ್ನೂ ಪಿಟೀಲನ್ನೂ ನುಡಿಸುತ್ತಿದ್ದರು. ಕುಣಿತದ ರಾತ್ರಿಗಳಲ್ಲಿ ಹುಡುಗ ಮನ್ರೋ ಅವರಿಗೆ ಸಾಥ್ ಕೊಡುತ್ತಿದ್ದರು. ಶುಲ್ಟ್ಜ್ 1931ರಲ್ಲಿ ತೀರಿಕೊಂಡರು. ಅವರ ಒಂದೇ ಒಂದು ಧ್ವನಿಮುದ್ರಿಕೆಯೂ ಇಲ್ಲ. ತಮ್ಮ ಸಂಗೀತದಲ್ಲಿರುವ ಬ್ಲೂಸ್ ಎಂಬ ಕಪ್ಪು ಜನರ ಹಾಡಿನ ಛಾಯೆಗೆ ಶುಲ್ಟ್ಜ್ ಕಾರಣ ಎಂದು ಮನ್ರೋ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಆದರೂ ಚರಿತ್ರೆ ಬರೆಯುವಾಗ ಆ ಹೆಸರು ಬಹುಕಾಲ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಇದು ಸಣ್ಣ ಲೋಪವಲ್ಲ.

ಈಗ 1945ಕ್ಕೆ ಬರೋಣ, ಏಕೆಂದರೆ ‘ಅಸಲಿ’ ಎನ್ನುವವರು ಬೆರಳು ತೋರಿಸುವುದು ಆ ಹೊತ್ತಿಗೇ. ಆ ವರ್ಷದ ಆರಂಭದಲ್ಲಿ ಮನ್ರೋ ತಂಡದ ಧ್ವನಿಮುದ್ರಣದಲ್ಲಿ ಅಕಾರ್ಡಿಯನ್ ಇತ್ತು. ನುಡಿಸಿದವರು ಸ್ಯಾಲಿ ಆ್ಯನ್ ಫಾರೆಸ್ಟರ್ ಎಂಬ ಮಹಿಳೆ. ಡಿಸೆಂಬರ್‌ನಲ್ಲಿ ಉತ್ತರ ಕ್ಯಾರೊಲಿನಾದ 21ರ ಹುಡುಗ ಅರ್ಲ್ ಸ್ಕ್ರಗ್ಸ್ ಬ್ಯಾಂಜೊ ಹಿಡಿದು ಬಂದರು. ಲೆಸ್ಟರ್ ಫ್ಲ್ಯಾಟ್ ಗಿಟಾರ್, ಚಬ್ಬಿ ವೈಸ್ ಪಿಟೀಲು, ಹವರ್ಡ್ ವಾಟ್ಸ್ ಬಾಸ್, ಮನ್ರೋ ಮ್ಯಾಂಡೊಲಿನ್: ಇಂದಿಗೂ ಮಾದರಿ ಎನಿಸಿಕೊಂಡಿರುವ ತಂಡ ಇದೇ.

ಸ್ಕ್ರಗ್ಸ್ ಮಾಡಿದ್ದೇನು? ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೂ ಮೀಟುವ ಉಗುರು (ಪಿಕ್) ತೊಟ್ಟು, ಒಂದರ ಹಿಂದೆ ಒಂದರಂತೆ ತಂತಿ ಮೀಟುವುದು. ಎಂಟು ಮೀಟುಗಳ ಒಂದು ಸುತ್ತು ಮೂರು, ಮೂರು, ಎರಡು ಎಂದು ಒಡೆಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ತಕಿಟ ತಕಿಟ ತಕ. ಬಾಯಲ್ಲಿ ಹೇಳುತ್ತಾ ಸಮವಾಗಿ ನಾಲ್ಕು ಬಾರಿ ಕೈತಟ್ಟಿ ನೋಡಿ. ಮಾತಿನ ಪೆಟ್ಟು ಚಪ್ಪಾಳೆಯಿಂದ ಜಾರಿ ಮುಂದೆ ಓಡುತ್ತದೆ. ಬ್ಲೂಗ್ರಾಸ್‌ನ ಆ ಓಟದ ಗುಟ್ಟು ಇಲ್ಲಿದೆ. ಆಫ್ರಿಕಾದಿಂದ ಕೆರಿಬಿಯನ್ ದ್ವೀಪಗಳವರೆಗೆ ಎಷ್ಟೋ ಸಂಗೀತಗಳ ಬೆನ್ನೆಲುಬು ಕೂಡ ಇದೇ ಮೂರು, ಮೂರು, ಎರಡು. ಈ ಬೆರಳುಗಾರಿಕೆ ಸ್ಕ್ರಗ್ಸ್ ಒಬ್ಬರದೇ ಅಲ್ಲ. ಸ್ನಫಿ ಜೆಂಕಿನ್ಸ್, ಸ್ಮಿತ್ ಹ್ಯಾಮೆಟ್ ಮುಂತಾದವರ ಕೈಯಲ್ಲಿ ಆ ಸೀಮೆಯಲ್ಲಿ ಮೊದಲೇ ಬೆಳೆದಿತ್ತು. ಅದಕ್ಕೆ ವೇಗವನ್ನೂ ಸ್ಫುಟತೆಯನ್ನೂ ಕೊಟ್ಟವರು ಸ್ಕ್ರಗ್ಸ್. ಪಕ್ಕದಲ್ಲಿ ಮನ್ರೋ ಮ್ಯಾಂಡೊಲಿನ್ ತಂತಿಗಳನ್ನು ಮೀಟಿದ ಕ್ಷಣವೇ ಬೆರಳಲ್ಲಿ ಅದುಮಿ, ತಾಳದ ಎಡೆಯಲ್ಲಿ ‘ಚಕ್’ ಎನ್ನಿಸುತ್ತಿದ್ದರು. ಯು. ಶ್ರೀನಿವಾಸ್ ಕೈಯಲ್ಲಿ ರಾಗ ಹಾಡಿದ ವಾದ್ಯ ಇಲ್ಲಿ ಡ್ರಮ್‌ನ ಕೆಲಸ ಮಾಡುತ್ತದೆ.

1948ರಲ್ಲಿ ಫ್ಲ್ಯಾಟ್, ಸ್ಕ್ರಗ್ಸ್ ಇಬ್ಬರೂ ಹೊರಬಿದ್ದು ತಮ್ಮದೇ ತಂಡ ಕಟ್ಟಿದರು. ಅದೇ ವರ್ಷ ವರ್ಜೀನಿಯಾದ ಸ್ಟ್ಯಾನ್ಲಿ ಸೋದರರು ಮನ್ರೋ ತಂಡ ರೇಡಿಯೊದಲ್ಲಿ ಹಾಡುತ್ತಿದ್ದ ಕುದುರೆ ಪಂದ್ಯದ ಹಾಡೊಂದನ್ನು ಅದೇ ಧಾಟಿಯಲ್ಲಿ ಮುದ್ರಿಸಿದರು. ಮನ್ರೋ ಮುದ್ರಿಕೆ ಮಾರುಕಟ್ಟೆಗೆ ಬಂದದ್ದು ಅದರ ನಂತರ. ಆ ಸೋದರರನ್ನು ತಮ್ಮ ಧ್ವನಿಮುದ್ರಣ ಕಂಪನಿಯೇ ಸೇರಿಸಿಕೊಂಡಾಗ ಮನ್ರೋ ಸಿಟ್ಟಿನಿಂದ ಕಂಪನಿ ಬಿಟ್ಟರು. ಆದರೆ 1951ರಲ್ಲಿ ಕಾರ್ಟರ್ ಸ್ಟ್ಯಾನ್ಲಿ ಸ್ವಲ್ಪ ಕಾಲ ಮನ್ರೋ ತಂಡದಲ್ಲೇ ಹಾಡಿದರು! ಹೀಗೆ ಅನುಕರಣೆ ಎಂದು ಬೈಸಿಕೊಂಡದ್ದೇ ಒಂದು ಪ್ರಕಾರದ ಹುಟ್ಟಿಗೆ ಸಾಕ್ಷಿಯಾಯಿತು.

ಉಳಿದದ್ದು ವೇಗವಾಗಿ ನಡೆಯಿತು. 1965ರಲ್ಲಿ ವರ್ಜೀನಿಯಾದ ಫಿನ್‌ಕ್ಯಾಸಲ್‌ನಲ್ಲಿ ಹಲವು ದಿನಗಳ ಮೊದಲ ಉತ್ಸವ, 1970ರ ದಶಕದಲ್ಲಿ ಉದ್ದ ಕೂದಲಿನ ಹುಡುಗರ ‘ನ್ಯೂಗ್ರಾಸ್’ ಎಂಬ ಹೊಸ ಬಗೆಯ ಬ್ಲೂಗ್ರಾಸ್, 1985ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘ.

2005ರಲ್ಲಿ ಉತ್ತರ ಕ್ಯಾರೊಲಿನಾದ ಬೂನ್‌ನಲ್ಲಿ ಕಪ್ಪು ಬ್ಯಾಂಜೊ ವಾದಕರ ಸಮಾವೇಶ ನಡೆದಾಗ, ಬಿಟ್ಟುಹೋಗಿದ್ದ ಎಳೆ ಮತ್ತೆ ಕೈಗೆ ಸಿಕ್ಕಿತು. ಅಲ್ಲಿ ಕಲೆತ ಗಾಯಕಿ, ಬ್ಯಾಂಜೊ ವಾದಕಿ ರಿಯಾನನ್ ಗಿಡೆನ್ಸ್ ಮತ್ತು ಗೆಳೆಯರು ಮೆಬೇನ್ ಊರಿನ ಹಿರಿಯ ಕಪ್ಪು ಪಿಟೀಲುಗಾರ ಜೋ ಥಾಂಪ್ಸನ್ ಮನೆಗೆ ಹೋಗಿ ಹೋಗಿ ಕಲಿತರು. 2017ರಲ್ಲಿ ಗಿಡೆನ್ಸ್ ಅದೇ ಬ್ಲೂಗ್ರಾಸ್ ಸಂಗೀತ ಸಂಘದ ವಾರ್ಷಿಕ ಸಮ್ಮೇಳನದಲ್ಲಿ ದಿಕ್ಸೂಚಿ ಭಾಷಣ ಮಾಡಿ, ಈ ಸಂಗೀತದ ಮಿಶ್ರ ಬೇರುಗಳನ್ನು ಒಂದೊಂದಾಗಿ ಬಿಡಿಸಿಟ್ಟರು. 2020ರಲ್ಲಿ ಸಂಘದ ಪ್ರತಿಷ್ಠಾನ ಆರ್ನಲ್ಡ್ ಶುಲ್ಟ್ಜ್ ಹೆಸರಿನಲ್ಲಿ ನಿಧಿ ಸ್ಥಾಪಿಸಿತು. ಅವರು ತೀರಿಕೊಂಡು ಆಗ 89 ವರ್ಷ.

ಥಾಂಪ್ಸನ್, ಸ್ಕ್ರಗ್ಸ್ ಇಬ್ಬರೂ ಉತ್ತರ ಕ್ಯಾರೊಲಿನಾದಲ್ಲೇ ಹುಟ್ಟಿದವರು. 2012ರಲ್ಲಿ ಎರಡು ತಿಂಗಳ ಒಳಗೆ ಇಬ್ಬರೂ ಕಣ್ಮುಚ್ಚಿದರು. ಇಬ್ಬರಿಂದಲೂ ಕಲಿತವರು ಇಂದು ನುಡಿಸುತ್ತಿದ್ದಾರೆ.